ಪಾಪ ಅಂದದ್ದಕ್ಕೆ

ಭಾನುವಾರ, ಅಂಗಡಿಗೆ ರಜೆ

ಪ್ರೀತಿಯ ಪುಟ್ಟಿಗೆ,

ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಕುಶನ್ ಹೊಲಿಯುವ ದಬ್ಬಣ ಹೆಬ್ಬೆರಳಿಗೆ ಚುಚ್ಚಿ ಕೀವಾಗಿತ್ತು. "ನರ್ಸಮ್ಮನಿಗೇ ಕೀವು!" ಎಂದು ನಿನ್ನ ಅಪ್ಪ ಬಂದವರಿಗೆಲ್ಲ ಹೇಳಿ ನಕ್ಕರು. ಈಗ ವಾಸಿಯಾಗಿದೆ. ಅವರ ಮಂಡಿನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ.

ನಾನು ದಬ್ಬಣ ಹಿಡಿಯಬೇಕಾಗಿ ಬಂದದ್ದು ನಮ್ಮ ಅಂಗಡಿಯಲ್ಲಿ ಹೊಲಿಯುತ್ತಿದ್ದ ಗುಂಡುಸೂಜಿ ಕೆಲಸ ಬಿಟ್ಟದ್ದರಿಂದ. ನೀನು ಅವಳನ್ನು ನೋಡಿಲ್ಲ. ನೀನು ಹೋದ ಮೇಲೆ ಸೇರಿದವಳು. ಸೋಫಾದ ಹೊದಿಕೆ ಹೊಲಿಯುವುದರಲ್ಲಿ ಅವಳಿಗೆ ಅವಳೇ ಸಾಟಿ. ಯಾವಾಗಲೂ ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದಳು. ಹಾಗಾಗಿ ಮಾತು ಕಡಿಮೆ, ಹಾಗಾಗಿಯೇ ಆ ಅಡ್ಡಹೆಸರು.

ಮಧ್ಯಾಹ್ನ ನಾವೆಲ್ಲ ಸ್ಪಂಜಿನ ಹಾಸುಗಳ ಮೇಲೆ ಕೂತು ಡಬ್ಬಿ ಬಿಚ್ಚುವ ಹೊತ್ತಿಗೆ ಅವಳು ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದಳು. ಎಲ್ಲಿಗೆ ಎಂದರೆ "ಇಲ್ಲೇ" ಎನ್ನುವಳು.

ನಿನ್ನ ಅಪ್ಪ ಅರ್ಧ ಆಯುಷ್ಯ ಜೈಲಿನಲ್ಲಿ ವಾರ್ಡರ್ ಆಗಿದ್ದವರು, ನಿನಗೆ ಗೊತ್ತಲ್ಲ. "ದಿನಾ ಚೀಲ ಹೊತ್ಕೊಂಡು ಹೋಗೋದೇನು? ಮಖಮಲ್ ತುಂಡು ಕಮ್ಮಿ ಆಗ್ತಿದೆ ಕಣೇ. ಎದುರು ರಸ್ತೆ ಅಂಗಡಿಯವನಿಗೆ ಸಾಗಿಸ್ತಿದಾಳೆ," ಎಂದರು. ನಾನು ಆಸ್ಪತ್ರೆಯಲ್ಲಿ ಬದುಕು ಸವೆಸಿದವಳು. ನನಗೆ ಕಂಡದ್ದು, ಅವಳ ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಿದ್ದಾರೆ, ಉಣಿಸಿ ಬರಲು ಓಡುತ್ತಾಳೆ ಎಂದು.

"ನಿಮ್ಮ ಕಣ್ಣಿಗೆ ಎಲ್ರೂ ಕಳ್ರು," ಎಂದೆ.

"ನಿನ್ನ ಕಣ್ಣಿಗೆ ಎಲ್ರೂ ರೋಗಿಗಳು," ಎಂದರು.

ನಮ್ಮಿಬ್ಬರಲ್ಲಿ ಒಳ್ಳೆಯವಳು ನಾನೇ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ದಿನಾ ಅವಳ ಚೀಲದಲ್ಲಿ ಒಂದು ಡಬ್ಬಿ ಊಟ ಇಡತೊಡಗಿದೆ. ಸಂಜೆ ಡಬ್ಬಿ ತೊಳೆದು ಮೇಜಿನ ಮೇಲಿಡುತ್ತಿದ್ದಳು. ಗಿರಾಕಿಗಳ ಹತ್ತಿರವೂ "ಪಾಪ, ಮನೇಲಿ ಬಹಳ ಕಷ್ಟ" ಎಂದು ಹೇಳಿದೆ. ಒಬ್ಬರು ಮರುಗಿ ಹಳೆಯ ಸ್ವೆಟರ್ ತಂದುಕೊಟ್ಟರು. ಗುಂಡುಸೂಜಿ ಅದನ್ನು ಮಡಿಚಿ ಮಿಷನ್ನಿನ ಪಕ್ಕ ಇಟ್ಟಳು. ಅದು ಅಲ್ಲೇ ಉಳಿಯಿತು.

ಒಂದು ಮಧ್ಯಾಹ್ನ ಅವಳು ವಾಪಸು ಬಂದಾಗ ಅಪ್ಪ ಬಾಗಿಲಿಗೆ ಅಡ್ಡ ನಿಂತಿದ್ದರು. "ಚೀಲ ತೆಗಿ," ಎಂದರು. ಅವಳು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅದನ್ನು ಸುರಿದಳು. ನೀರಿನ ಬಾಟಲಿ, ಕೊಡೆ, ಮುಚ್ಚಳ ತೆಗೆಯದ ನನ್ನ ಡಬ್ಬಿ. ಅಪ್ಪ "ಸರಿ" ಎಂದು ಪಕ್ಕಕ್ಕೆ ಸರಿದರು. ಅಷ್ಟೇ. ನಾನು ಸುಮ್ಮನಿರಬೇಕಿತ್ತು.

"ಅಯ್ಯೋ, ಇವತ್ತು ಉಣ್ಣಿಸ್ಲಿಲ್ವಾ? ಅವ್ರಿಗೆ ಹೇಗಿದೆ?"

"ಯಾರಿಗೆ?"

"ಮನೇಲಿ ಹುಷಾರಿಲ್ದವ್ರಿಗೆ."

ಅವಳು ನನ್ನ ಮುಖವನ್ನೇ ನೋಡಿದಳು. "ನಮ್ಮನೇಲಿ ಮನೆ ತುಂಬ ಜನ, ಎಲ್ರೂ ಗುಂಡುಕಲ್ಲಿನ ಹಾಗಿದಾರೆ. ಅಲ್ಲಿ ಅವ್ರ ಗಲಾಟೆ, ಇಲ್ಲಿ ಮಿಷನ್ ಗಲಾಟೆ. ರೈಲ್ವೆ ಸ್ಟೇಷನ್ ಹಿಂದೆ ಒಂದು ಬೆಂಚಿದೆ. ಹೋಗಿ ಸುಮ್ನೆ ಕೂತ್ಕೋತೀನಿ."

"ಸುಮ್ನೆ ಅಂದ್ರೆ?"

"ಸುಮ್ನೆ ಅಂದ್ರೆ ಸುಮ್ನೆ."

ಅವಳೇ ಹೇಳಿದಳು, ನನ್ನ ಊಟವನ್ನು ಅಷ್ಟು ದಿನವೂ ಸ್ಟೇಷನ್ನಿನ ಕೂಲಿಯೊಬ್ಬ ಉಂಡಿದ್ದ. ಅವತ್ತು ಅವನು ಬಂದಿರಲಿಲ್ಲ. ಮಖಮಲ್ ತುಂಡುಗಳು ಆಮೇಲೆ ಬೀರುವಿನ ಹಿಂದೆ ಸಿಕ್ಕವು. ಅದರಲ್ಲಿ ಇಲಿ ಸಂಸಾರ ಹೂಡಿತ್ತು.

ಆ ವಾರದ ಕೊನೆಗೆ ಅವಳು ಬಿಡುತ್ತೇನೆ ಎಂದಳು. "ಚೀಲ ನೋಡಿದ್ದಕ್ಕೆ ಬೇಜಾರಾಯ್ತೇನಮ್ಮ?" ಎಂದು ಅಪ್ಪನೇ ಕೇಳಿದರು. ಅವಳು ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು.

"ಇಲ್ಲ ಯಜಮಾನ್ರೇ. ನೀವು ಕಳ್ಳಿ ಅಂದ್ಕೊಂಡ್ರಿ. ಚೀಲ ಸುರಿದು ತೋರಿಸ್ದೆ, ಮುಗೀತು. ಅಮ್ಮಾವ್ರು ಪಾಪ ಅಂದ್ಕೊಂಡ್ರು. ಅದಕ್ಕೆ ನಾನು ಏನು ಸುರಿದು ತೋರಿಸ್ಲಿ?"

ಈಗ ಅವಳು ಎದುರು ರಸ್ತೆಯ ಅಂಗಡಿಯಲ್ಲೇ ಹೊಲಿಯುತ್ತಿದ್ದಾಳೆ. "ನಾನು ಆಗ್ಲೇ ಹೇಳ್ಲಿಲ್ವಾ!" ಎಂದರು ನಿನ್ನ ಅಪ್ಪ. ಅವರ ಲೆಕ್ಕ ಅವರಿಗೆ ಸರಿಹೋಯಿತು. ನನ್ನದು ಸರಿಹೋಗಲಿಲ್ಲ. ನಿಜ ಹೇಳಬೇಕೆಂದರೆ, ಬೆಂಚಿನ ಮಾತು ಕೇಳಿದ ಮೇಲೂ "ಏನೋ ದುಃಖ ಇರ್ಬೇಕು, ಇಲ್ದಿದ್ರೆ ಯಾರು ಹೋಗಿ ಒಬ್ರೇ ಕೂರ್ತಾರೆ" ಎಂದೇ ನನ್ನ ಮನಸ್ಸು ಹೇಳುತ್ತಿತ್ತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೆಲಸ ಕೈಗೂಡಲಿ, ನಿನಗೆ ನಿದ್ದೆ ಚೆನ್ನಾಗಿ ಬರಲಿ.

ಇಂತು ಹಾರೈಸುವ
ನಿನ್ನ ಅಮ್ಮ

ವಿ.ಸೂ.: ಗಂಡನ ಮನೆ ಬಿಟ್ಟು ಬೇರೆ ಊರಿಗೆ ಹೋಗಿ ಒಬ್ಬಳೇ ಇದ್ದೀಯ. "ನಾನು ಚೆನ್ನಾಗಿದೀನಿ. ನೀನು ಬರೋದಾದ್ರೆ ಅಳ್ದೆ ಬಾ, ಇಲ್ದಿದ್ರೆ ಬರ್ಬೇಡ" ಎಂದು ನೀನೇ ಬರೆದಿದ್ದೆ. ಅದಕ್ಕೇ ನಾನು ಬರಲಿಲ್ಲ. ಆ ಕಾಗದದ ಜೊತೆಗಿದ್ದ ನಿನ್ನ ಫೋಟೋವನ್ನು ದಿನಾ ತೆಗೆದು ನೋಡುತ್ತೇನೆ. ನಗುತ್ತಿದ್ದೀಯ ಎಂದು ಅಪ್ಪ ಹೇಳುತ್ತಾರೆ. ನನಗೆ ನಿನ್ನ ಕಣ್ಣಿನ ಕೆಳಗಿನ ಕಪ್ಪು ಮಾತ್ರ ಕಾಣುತ್ತದೆ. "ಅದು ನೆರಳು ಕಣೇ," ಎನ್ನುತ್ತಾರೆ, ಯಾರನ್ನೂ ನಂಬದ ಆ ಮನುಷ್ಯ. ನೆರಳೇ ಇರಬೇಕು. ಈ ಕಾಗದ ಬರೆಯಲು ಕೂರುವ ಮುಂಚೆ ಮತ್ತೆ ನೋಡಿದೆ, ಪುಟ್ಟಿ. ಕಪ್ಪೇ ಕಂಡಿತು.