ಹೆಸರು ಬರೆಸಿದ ಪೆಟ್ಟಿಗಿ

ನನ್ನ ಮನಿಯಾಕಿಗೆ,

…ಹಂಗಂತ ತಪ್ಪು ರೆಹಾನಾಂದಲ್ಲ. ನಿನ್ನಿ ಪತ್ರದಾಗ ಅರ್ಧಕ್ಕ ಬಿಟ್ಟಿದ್ನಲ್ಲ ಆ ಸುದ್ದಿ. ಆಕಿ ನಿಮ್ಮ ಹುನಗುಂದ ಸಾಲಿಗೆ ಹೊಸದಾಗಿ ಬಂದಿರೋ ಕಂಪ್ಯೂಟರ್ ಟೀಚರ್, ಅಮೀನಗಡದಿಂದ ದಿನಾ ಬಸ್ಸಿಗೆ ಬರ್ತಾಳ. ತಪ್ಪು ನಂದು. ಅದೂ ನಿನ್ನ ಹೆಸರಿನ್ಯಾಗ ಮಾಡಿದ್ದು. ಇನ್ ಗುಡ್ ಫೇತ್ ಅಂತಾರಲ್ಲ, ಬಾಗಲಕೋಟಿ ಕಾಲೇಜಿನ್ಯಾಗ ಕಲ್ತಿದ್ದು, ಹಂಗ ಒಳ್ಳೆ ಮನಸ್ಸಿಲೇನಽ.

ಲಾಕ್‌ಡೌನಿನ್ಯಾಗ ನೀ ಪಡಸಾಲ್ಯಾಗ ಕುಂತು ಮೊಬೈಲಿನ್ಯಾಗ ಲೆಕ್ಕಾ ಕಲಿಸ್ತಿದ್ದಿ, ನಾ ಕೆಮ್ಮಿದ್ರೂ "ಶ್!" ಅಂತಿದ್ದಿ, ನೆನಪದೇನು? ಅವಾಗ ತಂದ ವೈಫೈ ಪೆಟ್ಟಿಗಿ ಅದು. ನೀ ಹೋಗಿ ವರ್ಷ ತುಂಬಿದ ಮ್ಯಾಲ, ಹೋದ ವಾರ ಸಾಲಿಗೆ ದೇಣಿಗಿ ಕೊಟ್ಟೆ. ಅಲ್ಲೆ ಫ್ಯಾನಿನ ರೆಕ್ಕಿ ಮ್ಯಾಲೂ ಹೋದವರ ಹೆಸರು ಇರ್ತಾವಲ್ಲ, ನಾನೂ ಪೇಂಟರ್ ಕಡಿಂದ ಬರೆಸಿದೆ: 'ದಿವಂಗತ ಶಾರದಾ ಟೀಚರ್ ಸ್ಮರಣಾರ್ಥ'. ಕಾಯಿ ಒಡದ್ರು. ಕೊಟ್ಟಿದ್ದು ಮೂಲ್ಯಾಗ ಬೀಳಬಾರದು ಅಂತ ನಾನಽ ಲ್ಯಾಬಿನ ಗ್ವಾಡಿಗೆ ಹೊಡಿಸಿ, ವಾಯರ್ ಚುಚ್ಚಿ, ಹಸರ ದೀಪ ಹತ್ತಿದ್ದು ನೋಡಿ ಖುಷಿಲೆ ಮನಿಗೆ ಬಂದೆ.

ಮೊನ್ನೆ ಗುರುವಾರ ಸಾಲಿಗೆ ಹೋದ್ರ ಹೆಡ್‌ಮಾಸ್ತರ ಹಣಿ ಹಿಡ್ಕೊಂಡು ಕುಂತಿದ್ರು. ಹತ್ತನೇ ಇಯತ್ತೆ ಹುಡುಗ್ಯಾರ ಸ್ಕಾಲರ್‌ಶಿಪ್ ಅರ್ಜಿ ಕಳಸಾಕ ಅವತ್ತಽ ಕಡೀ ದಿನ. ಮುಂಜಾನಿ ನಡದ ಕಂಪ್ಯೂಟರ್ ಮಧ್ಯಾಹ್ನ ಇಂಟರ್ನೆಟ್ ಇಲ್ಲ ಅಂತದ. ಅದು ಸರಿಹೋದ್ರ ಬಾಜೂಕಿಂದು ಕೆಡ್ತದ.

"ಕಾಕಾ, ಸಿಟ್ಟಾಗಬ್ಯಾಡ್ರಿ," ಅಂದ್ಲು ರೆಹಾನಾ. ಚಾಲೂ ಆದ ಕೂಡ್ಲೆ ಪ್ರತಿ ಕಂಪ್ಯೂಟರೂ ನನಗೊಂದು ನಂಬರ್ ಕೊಡ್ರಿ ಅಂತ ಕೇಳ್ತದಂತ. ಐಪಿ ಅಡ್ರೆಸ್ ಅಂತಾರ. ಅದನ್ನ ಸಾಲ್ಯಾಗ ಮೊದಲಿಂದ ಇರೋ ಪೆಟ್ಟಿಗಿ ಒಂದಽ ಕೊಡಬೇಕು. ಈಗ ನಮ್ಮದೂ ಕೊಡಾಕ ಹತ್ತೇದ. ನಮ್ಮದರ ನಂಬರ್ ತೊಗೊಂಡ ಕಂಪ್ಯೂಟರಿಗೆ ಹೊರಗ ಹೋಗೂ ದಾರೀನ ಇಲ್ಲ. ಮೂವತ್ತು ವರ್ಷ ಕಂಡಕ್ಟರಕಿ ಮಾಡಿದವಗ ಇದು ತಿಳಿಯೂದಿಲ್ಲೇನು? ಒಂದಽ ಬಸ್ಸಿನ್ಯಾಗ ಇಬ್ಬರು ಟಿಕೀಟು ಹರದಂಗ.

"ಟೀಚರ್ ಪೆಟ್ಟಿಗಿನ ಮೊದಲ ಉತ್ತರಾ ಕೊಡ್ತದ್ರಿ, ಸಾಲೀದು ಬಾಯಿ ತಗಿಯೂದ್ರಾಗ."

"ಸ್ಟಾಫ್ ಮೀಟಿಂಗಿನ್ಯಾಗೂ ಹಂಗಽ ಇತ್ತವಾ," ಅಂದ್ರು ಹೆಡ್‌ಮಾಸ್ತರ.

"ಯಾವಾಗ ಗೊತ್ತಾತು ನಿನಗ?" ಅಂದೆ.

"ಸೋಮವಾರನ ಗೊತ್ತಾತ್ರಿ."

"ಮತ್ತ ಕಿತ್ತು ಒಗಿಬೇಕಿಲ್ಲೇನವಾ!"

"ಹೆಸರು ಬರದದಲ್ರಿ ಕಾಕಾ. ಹೋದವರ ಹೆಸರಿಂದು ನಾ ಹೆಂಗ ಕೀಳ್ಲಿ?"

ನಾಕು ದಿನ ಇಡೀ ಸಾಲಿ ನಿನ್ನ ಹೆಸರಿಗೆ ಅಂಜಿ ಕುಂತಿತ್ತು ನೋಡು. ಖರೆ ಹೇಳ್ತೇನಿ, ನನ್ನ ಕೈಯೂ ಒಂದು ಗಳಿಗಿ ನಿಂತಿತು. ಇನ್ನೊಮ್ಮೆ ನಿನ್ನ ನಾನಽ ಕಳಿಸಿಕೊಟ್ಟಂಗ… ಇರ್ಲಿ. ಬಾಗಲದಾಗ ಹುಡುಗ್ಯಾರು ಆಧಾರ ಕಾರ್ಡು ಹಿಡ್ಕೊಂಡು ನಿಂತಿದ್ರು. ನೀ ಆಗಿದ್ರ ಏನು ಮಾಡ್ತಿದ್ದಿ? ಅದನ್ನ ಕೇಳಬೇಕೇನು? ವಾಯರ್ ಜಗ್ಗಿಬಿಟ್ಟೆ. ರೆಹಾನಾ ಎಲ್ಲಾ ಕಂಪ್ಯೂಟರ್ ಬಂದ್ ಮಾಡಿ ಮತ್ತ ಚಾಲೂ ಮಾಡಿದ್ಲು. ಸಾಲಿ ಬಿಡೂದ್ರಾಗ ಅಷ್ಟೂ ಅರ್ಜಿ ಹೋದ್ವು. ಒಂದು ಹುಡುಗಿಯಂತೂ ಖುಷಿಲೆ ಹೆಡ್‌ಮಾಸ್ತರ ಕುರ್ಚಿ ಮ್ಯಾಲ ಕುಂತಬಿಟ್ಟಿದ್ಲು!

ಪೆಟ್ಟಿಗಿ ಮನಿಗೆ ಒಯ್ಯೂದು ಅಂತ ನಾ ಚೀಲಾ ಬಿಚ್ಚಿದ್ದೆ. ರೆಹಾನಾ ಬಿಡಲಿಲ್ಲ. "ನಂಬರ್ ಕೊಡೂದಷ್ಟ ಬಂದ್ ಮಾಡ್ತೇನ್ರಿ. ಸಾಲಿ ಪೆಟ್ಟಿಗಿ ಕೈಕೆಳಗ ದುಡೀಲಿ." ಯಾರ ಕೈಕೆಳಗೂ ದುಡದು ನಿನಗ ರೂಢಿ ಇಲ್ಲ, ಈಗರೆ ಕಲಿ. ನಿನ್ನಿಯಿಂದ ಅದು ಲೈಬ್ರರಿಗೆ ವೈಫೈ ಕೊಡಾಕ ಹತ್ತೇದ. ನಿನ್ನ ಹೆಸರಿನ ಕೆಳಗ ಆಕಿ ಒಂದು ಚೀಟಿ ಅಂಟಿಸ್ಯಾಳ: 'ತೊಂದರೆಯಾದರೆ ಕಿತ್ತುಹಾಕಬಹುದು. ಟೀಚರ್ ಮನೆಯವರ ಒಪ್ಪಿಗೆ ಇದೆ.' ಅದಕ್ಕ ನನ್ನ ಸಹಿ ಬೇಕಂದ್ಲು. ನಿನ್ನ ಪರವಾಗಿ ಮಾಡಿಕೊಟ್ಟೇನಿ.

ಬೆಳಕು ಸರಿಯಾಕ ಹತ್ತಿತು ನೋಡು, ಹಾಳಿ ಮ್ಯಾಲಿನ ಗೆರಿ ಕಾಣವಲ್ದು. ಇಲ್ಲಿಗೆ ಸಾಕು…