ಒಂದೇ ದಿನ ಹುಟ್ಟಿದ ನಿರುದ್ಯೋಗಿಗಳು

ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯ ಕಂಪ್ಯೂಟರ್ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ನನ್ನ ಅಕ್ಕ ಯಮನಮ್ಮ ಹನ್ನೊಂದು ವರ್ಷ ಕಾದ ಸರದಿಯನ್ನು ನಿಮ್ಮ ಕಚೇರಿ ಅಳಿಸಿಹಾಕಿದೆ. ಮಾಹಿತಿ ಕಳೆದುಕೊಂಡವರು ನೀವು. ಸಾಲಿನ ತುದಿಗೆ ಹೋಗಿ ನಿಂತವಳು ಅವಳು.

ಕೆಲಸ ಕೇಳಿ ಬಂದವರ ಹೆಸರು ನೋಂದಾಯಿಸಿಕೊಂಡು, ಮೊದಲು ಬಂದವರನ್ನು ಮೊದಲು ಸಂದರ್ಶನಕ್ಕೆ ಕಳಿಸುವುದು ನಿಮ್ಮ ಕಚೇರಿಯ ಕೆಲಸ. ಅದಕ್ಕೆಂದೇ ಕಂಪ್ಯೂಟರ್ ಬಂತು. ಅದರೊಳಗಿನ ಮಾಹಿತಿಯನ್ನು ನೀವು ತಪ್ಪದೆ ಫ್ಲಾಪಿಗಳಿಗೆ ಇಳಿಸಿಡುತ್ತಿದ್ದಿರಿ. ಇಲ್ಲವೆಂದರೆ ನನ್ನ ಬಾಯಿಗೆ ಹುಳ ಬಿದ್ದೀತು. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆ ಪೂಜೆಯ ದಿನ ಆ ಫ್ಲಾಪಿಗಳನ್ನೆಲ್ಲ ಯಂತ್ರದ ಮುಂದೆ ಜೋಡಿಸಿ, ಒಂದೊಂದಕ್ಕೂ ವಿಭೂತಿ ಕುಂಕುಮ ಹಚ್ಚಿ, ಪಕ್ಕದಲ್ಲೇ ಕಾಯಿ ಒಡೆದಿರಿ. ಕಾಯಿಯ ನೀರು ಎಲ್ಲಿಗೆ ಹರಿಯಿತೆಂದು ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ, ಪೇಡೆ ಹಂಚುವುದಿತ್ತು. ದೀಪಾವಳಿಯ ಮರುವಾರ ಯಂತ್ರ ಕೆಟ್ಟಿತು. ಫ್ಲಾಪಿಗಳಲ್ಲಿ ಒಂದೂ ಬಾಯಿ ಬಿಡಲಿಲ್ಲ.

ಸೂಪರ್ ಮಾರ್ಕೆಟ್ಟಿನ ರಸ್ತೆಬದಿಯಲ್ಲಿ ಕೊಂಡ, ಕಂಪ್ಯೂಟರ್ ಕಲಿಸುವ ತೆಳು ಪುಸ್ತಕವೊಂದು ನನ್ನ ಬಳಿಯಿದೆ. ಪ್ರತಿಯನ್ನು ಯಂತ್ರದಿಂದ ದೂರ ಇಡಬೇಕು, ಆಗಾಗ ಬೇರೆ ಯಂತ್ರದಲ್ಲಿ ತೆರೆದು ನೋಡಬೇಕು ಎಂದು ಅದರಲ್ಲಿದೆ. ಪೂಜೆ ಮಾಡಬೇಕೆಂದು ಎಲ್ಲೂ ಇಲ್ಲ. ಒಂದು ಪುಟ ಹರಿದಿದೆ, ಬಹುಶಃ ಅದರಲ್ಲಿರಬೇಕು. ನೀವು ಒಮ್ಮೆಯಾದರೂ ತೆರೆದು ನೋಡಿದ್ದಿರಾ?

ಆಮೇಲೆ ಲಕೋಟೆಗಳಿಗೆ ಅಂಟಿಸಲು ಅಚ್ಚು ಹಾಕಿಸಿದ್ದ ವಿಳಾಸಗಳಿಂದ ಹೆಸರುಗಳನ್ನು ಮತ್ತೆ ತುಂಬಿಸಿದಿರಿ. ನೋಂದಣಿಯ ದಿನಾಂಕ ಅವುಗಳಲ್ಲಿರಲಿಲ್ಲ. ಖಾಲಿ ಬಿಡಲು ಯಂತ್ರ ಒಪ್ಪಲಿಲ್ಲವಂತೆ. ಆದ್ದರಿಂದ ಜಿಲ್ಲೆಯ ಎಲ್ಲರಿಗೂ ಒಂದೇ ದಿನಾಂಕ ಕೊಟ್ಟಿರಿ: ನವೆಂಬರ್ ಹದಿನಾಲ್ಕು. ಮಕ್ಕಳ ದಿನಾಚರಣೆಯಂದು ನಾವೆಲ್ಲ ಒಟ್ಟಿಗೆ ಹುಟ್ಟಿದೆವು! ಸಮಾನತೆಯ ಬಗ್ಗೆ ನಾನು ಓದದ ಕರಪತ್ರವಿಲ್ಲ. ಅದು ಇಷ್ಟು ಸುಲಭವಾಗಿ ಬರುತ್ತದೆಂದು ಯಾವುದರಲ್ಲೂ ಬರೆದಿರಲಿಲ್ಲ.

ದಿನಾಂಕ ಒಂದೇ ಆದಾಗ ಯಂತ್ರ ಹೆಸರಿನ ಮೊದಲಕ್ಷರ ನೋಡುತ್ತದೆ, ಅದೂ ಇಂಗ್ಲಿಷಿನಲ್ಲಿ. ಅಕ್ಕನೂ ನಾನೂ ಕಮಲಾಪುರದಿಂದ ಬಂದು ವಿಚಾರಿಸಿದಾಗ ನಿಮ್ಮ ಗುಮಾಸ್ತರು ನಕ್ಕರು: "ನಿಮ್ಮ ಹೆಸರು ವಾಯ್‌ ಅಕ್ಷರದಾಗ ಬರ್ತದ, ಬಾಯಿ. ನಾ ಏನ್ ಮಾಡ್ಲಿ? ಹೆಸರಿಟ್ಟವರಿಗೆ ಕೇಳ್ರಿ."

ಅಕ್ಕ ಹೇಳಿದಳು: "ನಮ್ಮ ಮುತ್ಯಾನ ಅವ್ವನ ಹೆಸರರೀ ಇದು. ಇಂಗ್ಲೀಷಿನ್ಯಾಗ ಕಡೀಕ ಬರ್ತದಂತ ಆಕಿಗೇನ್ ಗೊತ್ತಿತ್ರೀ?" ಹನ್ನೊಂದು ವರ್ಷದ ಹಿಂದಿನ ದಿನಾಂಕವಿದ್ದ ತನ್ನ ನೋಂದಣಿ ಕಾರ್ಡನ್ನೂ ತೋರಿಸಿದಳು.

"ಕಾರ್ಡ್ ನಿಮ್ಮ ಮಾತು, ಕಂಪ್ಯೂಟರ್ ಸರಕಾರದ ಮಾತು. ಹೋಗ್ರಿ."

ಅವಳು ಹೆಸರು ಬರೆಸಿದಾಗ ನಾನು ಮೂರನೇ ಇಯತ್ತೆಯಲ್ಲಿದ್ದೆ. ನಾನು ಬರೆಸಿದ್ದು ಹೋದ ವರ್ಷ. ಈಗ ಅಟೆಂಡರ್ ಹುದ್ದೆಯ ಸಂದರ್ಶನಕ್ಕೆ ಕರೆ ಬಂದಿರುವುದು ನನಗೆ. ಏಕೆಂದರೆ ನಾನು ದೇವಿಂದ್ರಪ್ಪ, ಡಿ ಅಕ್ಷರ ಮೊದಲು ಬರುತ್ತದೆ. ಅಕ್ಕನಿಗೆ ಈ ವರ್ಷ ದಾಟಿದರೆ ವಯಸ್ಸಿನ ಮಿತಿ ದಾಟುತ್ತದೆ, ಇನ್ನೊಂದು ಕರೆ ಇಲ್ಲ. ಆದರೂ ಅವಳು ನನ್ನ ಅಂಗಿಗೆ ಇಸ್ತ್ರಿ ಮಾಡುತ್ತ ಅಂದಳು: "ನೀನರ ಹೋಗಿ ಬಾರಪಾ. ಇಬ್ರೂ ಯಾಕ ಕೆಡಬೇಕು?"

ನಾನು ಹೋಗುವುದಿಲ್ಲ. ಅಕ್ಕನ ಪಾಳಿಯನ್ನು ಕದ್ದು ಕುರ್ಚಿ ಹಿಡಿಯಲು ನಾನೇನು ಕಂಪ್ಯೂಟರೇ?

ಸಂದರ್ಶನ ಬುಧವಾರ. ಅದನ್ನು ನಿಲ್ಲಿಸಿ, ನಮ್ಮ ಕೈಯಲ್ಲಿರುವ ಕಾರ್ಡುಗಳಿಂದ ದಿನಾಂಕಗಳನ್ನು ಮತ್ತೆ ತುಂಬಿ. ನಿಮಗೆ ತೊಂದರೆಯಾಗದಿರಲೆಂದು ಹೆಸರು ಬರೆಸಿದವರೆಲ್ಲ ನಾವೇ ಬರುತ್ತೇವೆ, ಕಾರ್ಡಿನ ದಿನಾಂಕದ ಪ್ರಕಾರ ಹಳಬರು ಮುಂದೆ, ಹೊಸಬರು ಹಿಂದೆ ನಿಂತು. ಯಮನಮ್ಮ ಎಲ್ಲೋ ಮುಂದಿರುತ್ತಾಳೆ, ನಾನು ಬಾಲದಲ್ಲಿ. ನಿಮ್ಮ ಫ್ಲಾಪಿ ಉಳಿಸದ ಸರದಿ ನಿಮ್ಮ ಬಾಗಿಲಲ್ಲೇ ನಿಂತಿರುತ್ತದೆ. ಕುಂಕುಮ ಬೇಡ, ಒಮ್ಮೆ ತೆರೆದು ನೋಡಿದರೆ ಸಾಕು. ಇದೇ ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ.

ಇಂತಿ,
ಅಕ್ಕನಿಗಿಂತ ಮುಂಚೆ ಬಂದವನೆಂದು ನೀವು ಸಾಧಿಸಿರುವ ತಮ್ಮ,
ದೇವಿಂದ್ರಪ್ಪ, ಕಮಲಾಪುರ