ಒಳಗೆ ಹೋದರೆ ಗ್ಯಾಸ್ಪ್, ಹೊರಗೆ ಬಂದರೆ ಸೈ

ಭಾನುವಾರ, ಬೆಳಗ್ಗೆ

ನನ್ನ ಮುದ್ದು ಗೊರಕಮ್ಮನಿಗೆ,

ಅಮ್ಮನ ನೂರು ಮುತ್ತು. ಬೇಡವಾದರೆ ಒರೆಸಿಕೋ, ಚಿಕ್ಕಂದಿನಲ್ಲಿ ಫ್ರಾಕಿನ ತೋಳಿನಿಂದ ಒರೆಸಿಕೊಳ್ಳುತ್ತಿದ್ದೆಯಲ್ಲ, ಹಾಗೆ. ಆದರೆ ಕಾಗದ ಮಾತ್ರ ಪೂರ್ತಿ ಓದು.

ನೀನು ನನ್ನ ಹತ್ತಿರ ಮಾತು ಬಿಟ್ಟು ಎರಡೂವರೆ ತಿಂಗಳಾಯಿತು. ಫೋನ್ ಮಾಡಿದಾಗಲೆಲ್ಲ ಅಳಿಯಂದಿರೇ ಎತ್ತುತ್ತಾರೆ. "ಮಲಗಿದ್ದಾಳೆ ಅತ್ತೆ" ಅನ್ನುತ್ತಾರೆ. ಪಾಪ, ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಬರುತ್ತೇನೆ ಅಂದರೆ "ಈಗ ಬೇಡ" ಎನ್ನುತ್ತಾರೆ. ಅದು ನಿನ್ನ ಮಾತು ಎಂದು ನನಗೆ ಗೊತ್ತು. ಹೊಟ್ಟೆಯಲ್ಲಿದ್ದ ಮಗು ಹೋಯಿತೆಂದು ನನಗೆ ಹೇಳಿದ್ದೂ ಅವರೇ. ಆ ದುಃಖದಲ್ಲಿ ನಿನಗೆ ಯಾರೂ ಬೇಡವಾಗಿದೆ ಎಂದುಕೊಂಡು ಸುಮ್ಮನಿದ್ದೆ. ನನ್ನ ಮೇಲಿನ ಸಿಟ್ಟಿಗೆ ಬೇರೆಯೇ ಕಾರಣವಿದೆ ಎಂದು ಹೋದ ವಾರ ನಿನ್ನ ಚಿಕ್ಕಮ್ಮ ಬಾಯಿಬಿಟ್ಟಳು. "ಅಕ್ಕಾ, ಮಗು ಹೋದ ದಿನ ಅವಳು ಫೋನಲ್ಲಿ ಅಷ್ಟೊತ್ತು ಅತ್ತರೂ ನೀನು ಮಗು ಟೋಪಿ ಹಳದಿದು ಹೆಣೀಲಾ, ಬಿಳೀದು ಹೆಣೀಲಾ ಅಂತ ಕೇಳ್ತಾನೇ ಇದ್ದೆಯಂತೆ" ಅಂದಳು.

ನನಗೆ ನಿನ್ನ ಅಳು ಕೇಳಿಸಲಿಲ್ಲ ಕಣೇ.

ನಂಬುವುದು ಕಷ್ಟ ಎಂದು ಬಲ್ಲೆ. ಕಿವಿ ಕೇಳದವರಿಗಾಗಿ ಸಿನಿಮಾದ ಸದ್ದುಗಳನ್ನು ಪರದೆಯ ಕೆಳಗೆ ಇಂಗ್ಲಿಷಿನಲ್ಲಿ ಬರೆದು ಹೊಟ್ಟೆ ಹೊರೆದವಳು ನಾನು. "ನಮ್ಮಮ್ಮ ಆಫೀಸಲ್ಲಿ ಉಸಿರು ಬರೀತಾಳೆ" ಎಂದು ನೀನು ಶಾಲೆಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದೆ. ನಿನಗೆ ಇಂಗ್ಲಿಷ್ ಕಲಿಸಿದ್ದೂ ಹಾಗೇ ಅಲ್ಲವೇ? ಉಸಿರು ಒಳಗೆ ಹೋದರೆ ಗ್ಯಾಸ್ಪ್, ಹೊರಗೆ ಬಂದರೆ ಸೈ. ಬಸ್ಸಿನ ಹಿಂದೆ ಓಡಿದವನದು ಪ್ಯಾಂಟಿಂಗ್, ಉಬ್ಬಸದ ಅಜ್ಜನದು ವೀಜ್, ಮುಖ ಊದಿಸಿಕೊಂಡ ನಿನ್ನದು ಹಫ್. ಕಥೆಗೆ ಬೇಕಾದ ಉಸಿರನ್ನು ಮಾತ್ರ ಬರೆಯಬೇಕು, ಸುಮ್ಮನೆ ಉಸಿರಾಡುವುದನ್ನು ಬರೆಯಬಾರದು ಎನ್ನುವುದು ನಮ್ಮ ಕಚೇರಿಯ ನಿಯಮ. ಅದನ್ನೂ ನಿನಗೆ ಹೇಳಿದ್ದೆ. ನೀನು ಬೇಕೆಂದೇ ಉಸ್ಸೆಂದು ಉಸಿರುಬಿಟ್ಟು, "ಇದು ಕಥೆಗೆ ಬೇಕಾ ಅಮ್ಮ?" ಎನ್ನುತ್ತಿದ್ದೆ.

ಮೊನ್ನೆ ಸೋಮವಾರ ಕಚೇರಿಯಲ್ಲಿ ಒಂದು ಚಿತ್ರ. ಅಣ್ಣ ತೀರಿಕೊಂಡಿದ್ದಾನೆ, ತಮ್ಮ ನಮಗೆ ಬೆನ್ನು ಹಾಕಿ ಕಿಟಕಿಯ ಬಳಿ ನಿಂತಿದ್ದಾನೆ, ಭುಜ ಅಲುಗುತ್ತಿದೆ. ನಾನು ಸಾಬ್ಸ್, ಅಂದರೆ ಬಿಕ್ಕುತ್ತಾನೆ, ಎಂದು ಬರೆದೆ. ನಾವು ಬರೆದದ್ದನ್ನೆಲ್ಲ ತಿದ್ದುವವರು ಪಕ್ಕದ ಮೇಜಿನ ಮೇಷ್ಟ್ರು, ನಿವೃತ್ತರಾದ ಮೇಲೆ ಇಲ್ಲಿ ಸೇರಿದವರು. ಅವರು ಹೆಡ್‌ಫೋನ್ ತೆಗೆದು, "ಏನಮ್ಮಾ ಇದು? ಅವನು ನಗು ತಡ್ಕೊಳ್ತಾ ಇದಾನೆ. ಆಸ್ತಿಗಾಗಿ ಕೊಂದವನೇ ಅವನು. ನೀವು ಅವನು ಅಳೋ ಹಾಗೆ ಮಾಡಿಬಿಟ್ಟಿದೀರಲ್ಲ!" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಅವರು ನನ್ನನ್ನು ಮೆಟ್ಟಿಲ ಹತ್ತಿರ ಕರೆದು, ಕತ್ತಲೆಯ ದೃಶ್ಯಗಳಲ್ಲಿ ನಾನು ಒಂದು ಉಸಿರನ್ನೂ ಬರೆಯದೆ ಆರು ತಿಂಗಳಾಗಿದೆ ಎಂದು ಮೆತ್ತಗೆ ಹೇಳಿದರು. ಇಷ್ಟು ದಿನ ಅವರೇ ಸೇರಿಸುತ್ತಿದ್ದರಂತೆ, ಯಾರಿಗೂ ಹೇಳದೆ.

ಕಿವಿಯ ಡಾಕ್ಟರಮ್ಮ ಒಂದು ಗೆರೆಯ ಚಿತ್ರ ತೋರಿಸಿದರು. ಗೆರೆ ಬಲಕ್ಕೆ ಹೋಗುತ್ತಾ ಜಾರುಬಂಡೆಯಂತೆ ಇಳಿದಿತ್ತು. ಮಾತು ಕೇಳಿಸುತ್ತದೆ, ಸಣ್ಣ ಸದ್ದುಗಳು ಕೇಳಿಸುವುದಿಲ್ಲ, ಮೊದಲು ಹೋಗುವುದೇ ಉಸಿರಿನಂಥವು ಎಂದರು. ನೀನೋ, ಹುಟ್ಟಿದಾಗಿನಿಂದ ದನಿ ತೆಗೆದು ಅತ್ತವಳಲ್ಲ. ಮಲಗಿದಾಗ ಮಾತ್ರ ಇಡೀ ಮನೆಗೆ ಕೇಳಿಸುತ್ತಿದ್ದೆ.

ಇಲ್ಲಿಗೆ ನಿಲ್ಲಿಸಿದರೆ ಇದು ಒಳ್ಳೆಯ ಕಾಗದ. ನಾನು ನಿರ್ದೋಷಿ, ಕಿವಿಯದೇ ತಪ್ಪು. ಆದರೆ ಅದು ಅರ್ಧ ಸತ್ಯ. ನನಗೆ ಒಂದು ವರ್ಷದಿಂದ ಅನುಮಾನವಿತ್ತು. ಕಿವಿ ಮಂದವಾಗಿದೆ ಎಂದು ಗೊತ್ತಾದರೆ ಈ ಕೆಲಸದಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ನಟರ ಭುಜ ನೋಡಿ, ಮೂಗಿನ ಹೊಳ್ಳೆ ನೋಡಿ ಬರೆಯುವುದನ್ನು ರೂಢಿ ಮಾಡಿಕೊಂಡೆ. ಜನರೆದುರು ಕೇಳಿಸದಿದ್ದಾಗ ನಾನೇ ಬಾಯಿ ತೆರೆಯುವುದನ್ನೂ ಕಲಿತೆ. ಒಂದೇ ಸಮನೆ ಮಾತಾಡುವವಳಿಗೆ ಕಿವಿ ಮಂದ ಎಂದು ಯಾರಿಗೂ ಅನ್ನಿಸುವುದಿಲ್ಲ. ಅವತ್ತು ನೀನು "ಅಮ್ಮಾ" ಎಂದವಳು ಮತ್ತೆ ಮಾತಾಡಲಿಲ್ಲ. ಏನೋ ಆಗಿದೆ ಎಂದು ನನ್ನ ಒಳಗೆ ಚುರುಕ್ ಎಂದಿತ್ತು. "ಏನಾಯ್ತು, ಕೇಳಿಸ್ತಿಲ್ಲ" ಎಂದು ಎರಡು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಟೋಪಿ, ಉಲ್ಲನ್ನು, ಹಳದಿ, ಬಿಳಿ ಎಂದು ಒದರಿ, ಲೈನ್ ಸರಿಯಿಲ್ಲ ಎಂದು ಫೋನಿಟ್ಟೆ. ನಿನ್ನ ಅಳುವಿಗಿಂತ ನನ್ನ ಗುಟ್ಟು ನನಗೆ ದೊಡ್ಡದಾಯಿತು. ನನ್ನ ತಪ್ಪು ಅದು, ಕಿವಿಯದಲ್ಲ. ಅದಕ್ಕೆ ಕ್ಷಮೆ ಕೇಳುತ್ತಿದ್ದೇನೆ.

ಶುಕ್ರವಾರ ಕಚೇರಿಯಲ್ಲಿ ಎಲ್ಲ ಹೇಳಿದೆ. ಬೇರೆ ಕೆಲಸ ಕೊಡುತ್ತಾರೋ, ಮನೆಗೆ ಕಳಿಸುತ್ತಾರೋ ನೋಡಬೇಕು. ನಿನ್ನೆ ಕಿವಿಗೆ ಮಿಷನ್ ಬಂತು. ಈ ಮನೆಯ ಗೋಡೆ ಗಡಿಯಾರ ಸದ್ದು ಮಾಡುತ್ತದೆ ಎನ್ನುವುದೇ ಮರೆತುಹೋಗಿತ್ತು.

ನೀನು ಉತ್ತರ ಬರೆಯಬೇಕಾಗಿಲ್ಲ, ಮಾತೂ ಆಡಬೇಕಾಗಿಲ್ಲ. ಒಮ್ಮೆ ಫೋನ್ ಎತ್ತಿ ಸುಮ್ಮನೆ ಹಿಡಿದುಕೋ. ಈ ಸಲ ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ.

ನಿನ್ನ ಬಾಯಿಬಡುಕಿ
ಅಮ್ಮ

ತಾ. ಕ.: ಅವತ್ತು ನಾನು ಫೋನಿಟ್ಟ ಮೇಲೆ ನೀನು ಮೂವತ್ತೊಂದು ಸೆಕೆಂಡಿನ ಒಂದು ಧ್ವನಿ ಸಂದೇಶ ಕಳಿಸಿದ್ದೆ. ನಾನು ಕೇಳಿ, "ಖಾಲಿ ಬಂದಿದೆ ಕಣೇ, ಕೈ ತಗುಲಿರಬೇಕು" ಎಂದು ಉತ್ತರ ಹಾಕಿದ್ದೆ. ಇವತ್ತು ಬೆಳಗ್ಗೆ ಮಿಷನ್ ಹಾಕಿಕೊಂಡು ಅದನ್ನು ಮತ್ತೆ ಕೇಳಿದೆ. ಕಚೇರಿಯ ಪದ್ಧತಿಯಂತೆ ಬರೆದು ಕಳಿಸುತ್ತಿದ್ದೇನೆ, ತಪ್ಪಿದ್ದರೆ ತಿದ್ದು. ಎರಡನೆಯ ಸೆಕೆಂಡು: ಸ್ನಿಫ್ಸ್, ಮೂಗು ಎಳೆದುಕೊಳ್ಳುತ್ತಾಳೆ. ಏಳು: ಗ್ಯಾಸ್ಪ್ಸ್. ಹದಿಮೂರರಿಂದ ಇಪ್ಪತ್ತಾರು: ಇದಕ್ಕೆ ನಮ್ಮ ಪಟ್ಟಿಯಲ್ಲಿ ಪದವಿಲ್ಲ, ಬಾಯಿಗೆ ಬಟ್ಟೆ ಒತ್ತಿಕೊಂಡು ಬಿಕ್ಕುತ್ತಾಳೆ. ಮೂವತ್ತು: ಅಮ್ಮ ಅನ್ನಲು ತುಟಿ ತೆರೆಯುತ್ತಾಳೆ, ದನಿ ಬರುವುದಿಲ್ಲ.

ಖಾಲಿ ಇರಲಿಲ್ಲ, ಕಂದಾ.